ಹೊಕ್ಕುಳಬಳ್ಳಿಯ ರಕ್ತಮಾರ್ಗ

ಗರ್ಭಸ್ಥ ಶಿಶುವಿಗೆ ತಾಯಿಯ ರಕ್ತವೇ ನೇರವಾಗಿ ಹರಿದುಬರುವುದೆಂಬ ನಂಬುಗೆ ಯೂರೋಪಿನ ವೈದ್ಯರಲ್ಲಿ ಶತಮಾನಗಳ ಕಾಲ ಬೇರೂರಿದ್ದಿತು. ಎರಡನೆಯ ಶತಮಾನದ ಗ್ಯಾಲೆನನು ಭ್ರೂಣದ ಹೃತ್ಕರ್ಣಗಳ ನಡುವಣ ರಂಧ್ರವನ್ನೂ, ಜನನಾನಂತರ ಅದು ಮುಚ್ಚಿಹೋಗುವುದನ್ನೂ ಗುರುತಿಸಿದ್ದನಾದರೂ, ರಕ್ತಪರಿಚಲನೆಯ ತತ್ತ್ವವನ್ನರಿಯದವನಾದ್ದರಿಂದ ಅದರ ಪ್ರಯೋಜನವನ್ನು ಸಮರ್ಪಕವಾಗಿ ವಿವರಿಸಲಾರದೆ ಹೋದನು. 1564ರಲ್ಲಿ ಬೊಲೋನ್ಯದ ಅರಾಂಜಿಯು ತಾಯಿಯ ನಾಳಗಳಿಗೂ ಶಿಶುವಿನ ನಾಳಗಳಿಗೂ ನೇರ ಸಂಬಂಧವಿಲ್ಲವೆಂದು ವಾದಿಸಿದನು. 1600ರಲ್ಲಿ ಪಾದುವದ ಫ್ಯಾಬ್ರಿಷಿಯಸನು ಗರ್ಭದ ರಚನೆಯನ್ನು ಸಚಿತ್ರವಾಗಿ ಪ್ರಕಟಿಸಿದನು. ಅವನ ಶಿಷ್ಯನಾದ ವಿಲಿಯಂ ಹಾರ್ವೆಯು 1628ರಲ್ಲಿ ರಕ್ತಪರಿಚಲನೆಯನ್ನು ಪ್ರತಿಪಾದಿಸಿ, ಶ್ವಾಸಕೋಶಗಳಿನ್ನೂ ಉಸಿರಾಡದ ಭ್ರೂಣದಲ್ಲಿ ಆ ರಂಧ್ರವು ರಕ್ತಕ್ಕೆ ಬಲದಿಂದೆಡಕ್ಕೆ ಒಳದಾರಿಯಾಗಿರುವುದನ್ನು ವಿಶದಪಡಿಸಿದನು.

ಬಳ್ಳಿಯ ರಚನೆಯಾದರೋ ಇನ್ನೂ ವಿಚಿತ್ರವಾದುದು. ಎರಡು ಅಪಧಮನಿಗಳೂ ಒಂದು ಅಭಿಧಮನಿಯೂ ತಿರುಚಿಕೊಂಡು, 1656ರಲ್ಲಿ ಲಂಡನ್ನಿನ ಥಾಮಸ್ ವಾರ್ಟನನು ವರ್ಣಿಸಿದ ಲೋಳೆಯಲ್ಲಿ ಹುದುಗಿ, ಅದುಮುವಿಕೆಯಿಂದ ರಕ್ಷಿತವಾಗಿರುತ್ತವೆ. ಸಾಮಾನ್ಯವಾಗಿ ಅಪಧಮನಿಯಲ್ಲಿ ಶುದ್ಧರಕ್ತವಿರುವುದಾದರೆ ಇಲ್ಲಿ ಕ್ರಮವು ವಿಪರ್ಯಸ್ತ: ಅಪಧಮನಿಗಳು ಮಲಿನರಕ್ತವನ್ನು ಮಾಸಿಗೆ ಒಯ್ಯುತ್ತವೆ, ಅಭಿಧಮನಿಯು ಆಮ್ಲಜನಕವನ್ನೂ ಪೋಷಕಾಂಶಗಳನ್ನೂ ಶಿಶುವಿಗೆ ತರುತ್ತದೆ.

ಹದಿನೆಂಟನೆಯ ಶತಮಾನದ ಮಧ್ಯದಲ್ಲಿ, ಲಂಡನ್ನಿನ ವಿಲಿಯಂ ಮತ್ತು ಜಾನ್ ಹಂಟರ್ ಸೋದರರ ಶಾಲೆಯಲ್ಲಿ, ಮೃತಗರ್ಭಿಣಿಯರ ರಕ್ತನಾಳಗಳಿಗೆ ಬಣ್ಣದ ಮೇಣವನ್ನು ತುಂಬಿ ಛೇದಿಸಿ ನೋಡಿದಾಗ, ತಾಯಿ-ಮಕ್ಕಳ ಎರಡು ಪರಿಚಲನೆಗಳು ಮಾಸಿನಲ್ಲಿ ಪರಸ್ಪರ ಸಮೀಪಿಸಿಯೂ ಬೆರೆಯದಿರುವುದು ಪ್ರತ್ಯಕ್ಷವಾಯಿತು. 1774ರಲ್ಲಿ ವಿಲಿಯಂ ಹಂಟರನು ಪ್ರಕಟಿಸಿದ ಗರ್ಭಾಶಯದ ಬೃಹತ್ ಚಿತ್ರಸಂಪುಟವು ಪ್ರಸೂತಿವಿದ್ಯೆಗೆ ಅಂಗರಚನಾಶಾಸ್ತ್ರದ ದೃಢವಾದ ತಳಹದಿಯನ್ನೊದಗಿಸಿತು.