ಮಾಲೀಕರಿಲ್ಲದ ಮೂಕಿ ಚಿತ್ರಗಳು: ಬೀಗದ ಕೈ ಯಾರ ಹತ್ರ ಇದೆ?

ಬೇಸಿಗೆ ರಜದಲ್ಲಿ ನಮ್ಮೂರು ಯಲಿಯೂರಿನಲ್ಲಿ ಒಂದು ಮೂಕಿ ಸಿನಿಮಾ ತೋರಿಸಿದ್ವಿ. ಬಾಡಿಗೆ ಪ್ರೊಜೆಕ್ಟರ್, ಗೋಡೆಗೆ ಬಿಗಿದು ಕಟ್ಟಿದ ಬಿಳಿ ಪಂಚೆ, ದಾದಾಸಾಹೇಬ್ ಫಾಲ್ಕೆಯವರ 1919ರ ‘ಕಾಳಿಯ ಮರ್ದನ’. ಅದರಲ್ಲಿ ಬಾಲಕೃಷ್ಣನಾಗಿ ನಟಿಸಿದ್ದು ಫಾಲ್ಕೆಯವರ ಮಗಳು ಮಂದಾಕಿನಿ. ಪರದೆಯ ಮುಂದೆ ಮಕ್ಕಳು ಕೂಗಾಡಿ ನಗೋದನ್ನ ಮೊಬೈಲ್‌ನಲ್ಲಿ ಹಿಡಿದು ಒಂದು ವೀಡಿಯೊ ತಾಣಕ್ಕೆ ಹಾಕಿದೆ. ಬೆಳಗಾಗೋದ್ರೊಳಗೆ ತೆಗೆದುಹಾಕಿದ್ರು. ಕಾರಣ: ಹಕ್ಕುಸ್ವಾಮ್ಯ ಉಲ್ಲಂಘನೆ. ಅಜ್ಜಿಗೆ ಹೇಳಿದ್ರೆ, “ಅಲ್ಲ ಕನ್ಲಾ, ನೂರೊರ್ಸದ ಕೃಷ್ಣನ ಮ್ಯಾಲೂ ಕೇಸಾ?” ಅಂದ್ರು.

ಕೇಸು ಕೃಷ್ಣನ ಮೇಲಲ್ಲ. ನಾವು ಇಳಿಸಿಕೊಂಡಿದ್ದ ಪ್ರತಿಗೆ ಯಾರೋ ಇತ್ತೀಚೆಗೆ ಸೇರಿಸಿದ್ದ ಸಂಗೀತದ ಮೇಲೆ. ಆದರೆ ಅಜ್ಜಿಯ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಹಕ್ಕುಸ್ವಾಮ್ಯ ಮುಗಿದ ಸಿನಿಮಾ ಎಲ್ಲರದ್ದು ಅಂತ ಕಾನೂನು ಹೇಳುತ್ತೆ. ಹಾಗಿದ್ರೆ ಅದು ನಮ್ಮ ಮನೆಗೆ ಬರೋದನ್ನ ತೀರ್ಮಾನಿಸುವವರು ಯಾರು? ನಾನು ಓದಿ ತಿಳಿದುಕೊಂಡದ್ದನ್ನ ಇಲ್ಲಿ ಕ್ರಮವಾಗಿ ಇಡುತ್ತೇನೆ.

ಎಷ್ಟು ತೆಗೆದೆವು, ಎಷ್ಟು ಉಳಿಯಿತು?

ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು ಸುಮಾರು 1,300. ಉಳಿದಿರುವುದು 30ರ ಆಸುಪಾಸು, ಅದರಲ್ಲೂ ಹಲವು ಬರೀ ತುಣುಕುಗಳು. ನಾವು 1913ರ ‘ರಾಜಾ ಹರಿಶ್ಚಂದ್ರ’ ಅಂತ ನೋಡುವ ದೃಶ್ಯಗಳಲ್ಲಿ ಬಹುಪಾಲು ಫಾಲ್ಕೆಯವರೇ 1917ರಲ್ಲಿ ಮತ್ತೆ ತೆಗೆದ ಆವೃತ್ತಿಯವು.

ನಾಶಕ್ಕೆ ಮೊದಲ ಕಾರಣ ರೀಲು. ಆಗಿನ ಫಿಲಂ ಸೆಲ್ಯುಲೋಸ್ ನೈಟ್ರೇಟ್‌ನದ್ದು. ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಉರಿಯುತ್ತೆ. ಎರಡನೆಯದು ಬೆಳ್ಳಿ. ಓಡಿ ಮುಗಿದ ರೀಲುಗಳಿಂದ ಬೆಳ್ಳಿ ತೆಗೆಯಲು ಅವನ್ನ ತೂಕಕ್ಕೆ ಮಾರಿದ್ರು. ಮೂರನೆಯದು ನಮ್ಮ ತಾತ್ಸಾರ. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ (ಎನ್‌ಎಫ್‌ಎಐ) ಶುರುವಾಗಿದ್ದೇ 1964ರಲ್ಲಿ. ಅಷ್ಟರಲ್ಲಿ ಟಾಕಿ ಬಂದು ಮೂವತ್ತು ವರ್ಷ ದಾಟಿತ್ತು. ಉಳಿದದ್ದನ್ನ ಹುಡುಕಿ ತಂದವರು ಪಿ.ಕೆ. ನಾಯರ್. ಹಾಗೆ ತಂದಿಟ್ಟ ನೈಟ್ರೇಟ್ ರೀಲುಗಳಲ್ಲೂ ದೊಡ್ಡ ಪಾಲು 2003ರಲ್ಲಿ ಪುಣೆಯಲ್ಲಿ ಬೆಂಕಿಗೆ ಹೋಯಿತು.

ಮೈಸೂರು ಸೀಮೆಯ ಲೆಕ್ಕ

ನಮ್ಮಲ್ಲೂ ಮೂಕಿಗಳಿದ್ವು. ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲಂ ಕಂಪನಿ ಇತ್ತು. ಗುಬ್ಬಿ ವೀರಣ್ಣನವರ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ 1932ರಲ್ಲಿ ವೈ.ವಿ. ರಾವ್ ನಿರ್ದೇಶನದಲ್ಲಿ ‘ಹರಿಮಾಯಾ’ ತೆಗೆಯಿತು. ಮೋಹನ್ ಭಾವನಾನಿ ಶೂದ್ರಕನ ‘ಮೃಚ್ಛಕಟಿಕ’ವನ್ನ ‘ವಸಂತಸೇನಾ’ ಅಂತ ತೆಗೆದಾಗ ಅದರಲ್ಲಿ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್ ಇದ್ದರು. ಕೈಲಾಸಂ ಕ್ಯಾಮೆರಾ ಮುಂದೆ ಹೇಗೆ ನಿಂತಿದ್ದರು, ಹೇಗೆ ನಡೆದರು? ನೋಡೋ ಹಾಗಿಲ್ಲ. ಉಳಿದಿರುವ ಮೂಕಿಗಳ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಮೂಕಿ ಬಿಡಿ, ಮಾತಾಡಿದ ಮೊದಲ ಕನ್ನಡ ಚಿತ್ರ ‘ಸತಿ ಸುಲೋಚನ’ದ (1934) ಪ್ರತಿಯೂ ಇಲ್ಲ.

ಇದೇ ಏಣಾಕ್ಷಿ ನಾಯಕಿಯಾಗಿದ್ದ ಇನ್ನೊಂದು ಚಿತ್ರ 1928ರ ‘ಶಿರಾಜ್’. ಅದು ಹಿಮಾಂಶು ರಾಯ್ ಅವರು ಜರ್ಮನ್, ಬ್ರಿಟಿಷ್ ಕಂಪನಿಗಳ ಜೊತೆ ಸೇರಿ ತೆಗೆದದ್ದು. ಹಾಗಾಗಿ ಅದರ ಸಾಮಗ್ರಿ ಲಂಡನ್ನಿನ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್ (ಬಿಎಫ್‌ಐ) ಭಂಡಾರದಲ್ಲಿ ಉಳಿಯಿತು. 2017ರಲ್ಲಿ ಅನೌಷ್ಕಾ ಶಂಕರ್ ಸಂಗೀತದೊಂದಿಗೆ ಮತ್ತೆ ತೆರೆಗೆ ಬಂತು. ಒಬ್ಬಳೇ ನಟಿ, ಎರಡು ಸಿನಿಮಾ. ಕಪಾಟು ಇದ್ದ ಕಡೆ ಒಂದು ಬದುಕಿತು, ಕಪಾಟು ಇಲ್ಲದ ಕಡೆ ಇನ್ನೊಂದು ಸತ್ತಿತು. ಕಪಾಟಿಗೆ ಅಷ್ಟು ಅಧಿಕಾರ ಇದೆ ಅನ್ನೋದನ್ನ ಇಲ್ಲಿಂದಲೇ ನೆನಪಿಟ್ಟುಕೊಳ್ಳಿ.

ಕೆಲವೊಮ್ಮೆ ಜಗಳವೇ ಸಿನಿಮಾವನ್ನ ಉಳಿಸಿದ್ದೂ ಇದೆ. 1933ರ ‘ಮಾರ್ತಾಂಡ ವರ್ಮ’ ಚಿತ್ರಕ್ಕೆ ಕಾದಂಬರಿಯ ಹಕ್ಕು ಪಡೆದಿರಲಿಲ್ಲ. ತಿರುವನಂತಪುರದಲ್ಲಿ ಬಿಡುಗಡೆಯಾದ ಕೂಡಲೇ ಪ್ರಕಾಶಕರಾದ ಕಮಲಾಲಯ ಬುಕ್ ಡಿಪೋದವರು ಕೋರ್ಟಿಗೆ ಹೋಗಿ ನಿಲ್ಲಿಸಿದ್ರು. ರೀಲು ಪುಸ್ತಕದಂಗಡಿಯಲ್ಲೇ ಉಳಿದು, 1974ರಲ್ಲಿ ಎನ್‌ಎಫ್‌ಎಐ ಕೈಗೆ ಬಂತು. ಇವತ್ತು ದಕ್ಷಿಣ ಭಾರತದ ಮೂಕಿ ಅಂತ ತೋರಿಸೋಕೆ ಇರುವುದು ಅದು. ಸಿನಿಮಾವನ್ನ ಸಾಯಿಸಿದ ಮೊಕದ್ದಮೆಯೇ ಅದರ ರೀಲನ್ನ ಕಾಪಾಡಿತು.

ರಿಸ್ಟೋರೇಷನ್ ಅಂದ್ರೆ ಬರೀ ಒರೆಸೋದಲ್ಲ

ಗುಡಿಗೆ ಜೀರ್ಣೋದ್ಧಾರ ಅಂತೀವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಬೇರೆ ಬೇರೆ ದೇಶಗಳಲ್ಲಿ ಉಳಿದ ಪ್ರತಿಗಳನ್ನ ಹುಡುಕಬೇಕು, ಹರಿದ ಅಂಚು ಜೋಡಿಸಬೇಕು, ಒಂದೊಂದು ಚೌಕಟ್ಟನ್ನೂ ಸ್ಕ್ಯಾನ್ ಮಾಡಬೇಕು, ಗೀರು ತೆಗೆಯಬೇಕು. ಆಮೇಲೆ ನಿರ್ಧಾರಗಳು ಬರುತ್ತವೆ. ಕಳೆದುಹೋದ ಬರಹದ ಫಲಕಗಳನ್ನ ಹೊಸದಾಗಿ ಬರೆಯಬೇಕಾ? ಯಾವ ಬಣ್ಣದ ಛಾಯೆ? ಯಾವ ವೇಗ?

ವೇಗದ ಲೆಕ್ಕ ನೋಡಿ. 35 ಮಿ.ಮೀ. ಫಿಲಂನಲ್ಲಿ ಅಡಿಗೆ 16 ಚೌಕಟ್ಟು. ಸಾವಿರ ಅಡಿಯ ರೀಲನ್ನ ಸೆಕೆಂಡಿಗೆ 16 ಚೌಕಟ್ಟಿನಂತೆ ಓಡಿಸಿದ್ರೆ 16 ನಿಮಿಷ 40 ಸೆಕೆಂಡ್. ಟಾಕಿಯ 24ರ ವೇಗದಲ್ಲಿ ಓಡಿಸಿದ್ರೆ ಸುಮಾರು 11 ನಿಮಿಷ. ಹಳೇ ಸಿನಿಮಾದ ಜನ ಗೊಂಬೆ ಥರ ಓಡಾಡ್ತಾರೆ ಅಂತ ನಾವು ನಗ್ತೀವಲ್ಲ, ಎಷ್ಟೋ ಸಲ ತಪ್ಪು ನಟರದ್ದಲ್ಲ, ಓಡಿಸಿದವರದ್ದು.

ಹಾಗಾಗಿ ರಿಸ್ಟೋರ್ ಮಾಡಿದವರ ಶ್ರಮ, ವಿವೇಚನೆ ಎರಡೂ ನಿಜ. ಜಗಳ ಶುರುವಾಗೋದು ಆ ಶ್ರಮ ಮಾಲೀಕತ್ವ ಆಗುತ್ತಾ ಅನ್ನೋ ಜಾಗದಲ್ಲಿ.

ಕಾನೂನು ಏನು ಹೇಳುತ್ತೆ?

1957ರ ಹಕ್ಕುಸ್ವಾಮ್ಯ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. (ಮೊದಲು 50 ಇತ್ತು, 1992ರ ತಿದ್ದುಪಡಿಯಲ್ಲಿ 60 ಆಯಿತು.) ಅಂದರೆ ನಮ್ಮ ಮೂಕಿಗಳ ಅವಧಿ ಮುಗಿದು ದಶಕಗಳೇ ಆಗಿವೆ. ಕನ್ನಡದ ‘ಬೇಡರ ಕಣ್ಣಪ್ಪ’ (1954) ಕೂಡ ಸಿನಿಮಾ ಆಗಿ 2015ರಿಂದ ಸಾರ್ವಜನಿಕ ಸ್ವತ್ತು. ಆದರೆ ಹಾಡು, ಸಾಹಿತ್ಯಕ್ಕೆ ಬೇರೆ ಹಕ್ಕಿದೆ: ಬರೆದವರ ಆಯುಷ್ಯ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ. ಮೂಕಿಗೆ ಈ ತೊಡಕು ಕಮ್ಮಿ. ಯಾರಾದ್ರೂ ಹೊಸ ಸಂಗೀತ ಸೇರಿಸಿದ್ರೆ ಮಾತ್ರ ಆ ಸಂಗೀತ ಅವರದ್ದು. ನಮ್ಮ ವೀಡಿಯೊ ಸಿಕ್ಕಿಬಿದ್ದದ್ದು ಇಲ್ಲೇ. ಆಮೇಲೆ ಊರಿನ ಭಜನೆ ತಂಡದವರೇ ಹಾರ್ಮೋನಿಯಂ, ತಬಲಾ ನುಡಿಸಿದ್ರು. ಹೊಸದಾಗಿ ಹಾಕಿದ ವೀಡಿಯೊಗೆ ಯಾರೂ ತಕರಾರು ತೆಗೆಯಲಿಲ್ಲ.

ಸ್ಕ್ಯಾನ್ ಮಾಡಿದವರಿಗೆ ಹೊಸ ಹಕ್ಕು ಹುಟ್ಟುತ್ತಾ? ಬರೀ ಬೆವರು ಸುರಿಸಿದ್ರೆ ಸಾಲದು, ಕೌಶಲ, ವಿವೇಚನೆ ಮತ್ತು ಕನಿಷ್ಠ ಸೃಜನಶೀಲತೆ ಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದೆ. ಅದು ಕೋರ್ಟ್ ತೀರ್ಪುಗಳ ಮುದ್ರಣದ ಕುರಿತಾದ ಪ್ರಕರಣ, ಸಿನಿಮಾದ್ದಲ್ಲ. ಆದರೂ ಅಳತೆಗೋಲು ಅದೇ. ಯುರೋಪಿನ 2019ರ ನಿರ್ದೇಶನ ಇನ್ನೂ ಸ್ಪಷ್ಟ: ಹಕ್ಕು ಮುಗಿದ ದೃಶ್ಯಕಲೆಯ ಯಥಾಪ್ರತಿಗೆ ಹೊಸ ಹಕ್ಕಿಲ್ಲ.

ಕಾಯ್ದೆಯಲ್ಲಿ ಇನ್ನೊಂದು ವಿಚಿತ್ರ ಇದೆ. ಹಕ್ಕುದಾರರು ಕೃತಿಯನ್ನ ಜನರಿಂದ ಮುಚ್ಚಿಟ್ಟರೆ 31ನೇ ಸೆಕ್ಷನ್ ಅಡಿ ಕಡ್ಡಾಯ ಪರವಾನಗಿ ಕೇಳಬಹುದು. ಹಕ್ಕುದಾರರೇ ಇಲ್ಲದಿದ್ರೆ? ಆಗ ಯಾರ ಮೇಲೂ ಅರ್ಜಿ ಹಾಕೋಕಾಗಲ್ಲ. ಉಳಿದಿರೋ ಒಂದೇ ರೀಲು ಯಾರ ಕಪಾಟಲ್ಲಿದೆಯೋ ಅವರೇ ಮಾಲೀಕರು. ಕಾಗದದ ಮೇಲೆ ಎಲ್ಲರದ್ದು, ಕೈಗೆ ಯಾರಿಗೂ ಸಿಗದ್ದು.

ಮನೆಗೆ ಬರುವ ದಾರಿಯಲ್ಲಿ ಜಗಳ

ಫ್ರಾನ್ಸಿನ ಅಬೆಲ್ ಗಾನ್ಸ್ ಅವರ ‘ನೆಪೋಲಿಯನ್’ (1927) ಇದಕ್ಕೆ ದೊಡ್ಡ ಉದಾಹರಣೆ. ಇಂಗ್ಲೆಂಡಿನ ಕೆವಿನ್ ಬ್ರೌನ್‌ಲೋ ದಶಕಗಟ್ಟಲೆ ತುಣುಕು ಹುಡುಕಿ ಅದನ್ನ ಜೋಡಿಸಿದ್ರು. 1980ರಲ್ಲಿ ಕಾರ್ಲ್ ಡೇವಿಸ್ ಸಂಗೀತದೊಂದಿಗೆ ತೋರಿಸಿದ್ರು. ಅಮೆರಿಕದಲ್ಲಿ ಹಕ್ಕು ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ಬಳಿ ಇತ್ತು. ಅವರ ಆವೃತ್ತಿಗೆ ಅವರ ತಂದೆ ಕಾರ್ಮೈನ್ ಕೊಪ್ಪೊಲಾ ಸಂಗೀತ. ಈ ಎಳೆದಾಟದಲ್ಲಿ ಡಿಸ್ಕ್ ಹಿಂದೆ ಬಿತ್ತು. ಬ್ರೌನ್‌ಲೋ ಆವೃತ್ತಿಯನ್ನ ಬಿಎಫ್‌ಐ ಬ್ರಿಟನ್ನಿನಲ್ಲಿ ಬ್ಲೂ-ರೇ ಆಗಿ ತಂದದ್ದು 2016ರಲ್ಲಿ, ಮೊದಲ ಪ್ರದರ್ಶನದ 36 ವರ್ಷದ ನಂತರ.

ಫ್ರಿಟ್ಜ್ ಲಾಂಗ್ ಅವರ ‘ಮೆಟ್ರೊಪೊಲಿಸ್’ (1927) ಕತೆ ಇನ್ನೊಂದು ಥರ. ಕಳೆದುಹೋಗಿದ್ದ ಸುಮಾರು 25 ನಿಮಿಷ 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿತು. ಈ ಸಿನಿಮಾ ಅಮೆರಿಕದಲ್ಲಿ 2023ರಿಂದ ಮುಕ್ತ. ಜರ್ಮನಿಯಲ್ಲಿ ಮಾತ್ರ, ಲಾಂಗ್ ತೀರಿಕೊಂಡದ್ದು 1976ರಲ್ಲಾದ್ದರಿಂದ, 2046ರ ಕೊನೆವರೆಗೂ ಹಕ್ಕಿದೆ. ಯಲಿಯೂರಿನ ಗೋಡೆಯ ಮೇಲೆ ತೋರಿಸಬಹುದಾದ್ದನ್ನ ಬರ್ಲಿನ್‌ನಲ್ಲಿ ಕೇಳಿ ತೋರಿಸಬೇಕು.

“ದುಡ್ಡು ಹಾಕಿದೋರು ಏನು ಮಾಡಬೇಕು?”

ಇದು ನ್ಯಾಯವಾದ ಪ್ರಶ್ನೆ. ಒಂದು ಸಂಸ್ಥೆ ಖರ್ಚು ಮಾಡಿ ರಿಸ್ಟೋರ್ ಮಾಡಿದ ಮರುದಿನವೇ ಯಾರೋ ನಕಲು ಮಾಡಿ ಮಾರಿದ್ರೆ ಮುಂದಿನ ಸಿನಿಮಾ ಮುಟ್ಟೋಕೆ ಯಾರು ಬರ್ತಾರೆ? ಖಾಸಗಿ ದುಡ್ಡಾದ್ರೆ ಕೆಲವು ವರ್ಷದ ಮಾರಾಟದ ಅವಕಾಶ ಕೊಡೋಣ, ನನ್ನ ತಕರಾರಿಲ್ಲ. ಆದರೆ ನಮ್ಮ ತೆರಿಗೆ ದುಡ್ಡಾದ್ರೆ? ಕೇಂದ್ರ ಸರ್ಕಾರ 2022ರಲ್ಲಿ 2,200 ಸಿನಿಮಾಗಳ ರಿಸ್ಟೋರೇಷನ್‌ಗೆ ₹363 ಕೋಟಿ ಘೋಷಿಸಿತು. ಅದೇ ವರ್ಷ ಎನ್‌ಎಫ್‌ಎಐ ಅನ್ನು ಎನ್‌ಎಫ್‌ಡಿಸಿ ಎಂಬ ನಿಗಮದೊಳಕ್ಕೆ ಸೇರಿಸಿತು. ಭಂಡಾರದ ಕೆಲಸ ಕಾಪಾಡಿ ಹಂಚೋದು. ನಿಗಮದ ಕೆಲಸ ಆದಾಯ ನೋಡೋದು. ಈ ಎರಡರ ನಡುವೆ ನಮ್ಮ ಹಕ್ಕು ಎಲ್ಲಿ ನಿಲ್ಲುತ್ತೆ ಅಂತ ಕೇಳೋದು ರಾಜಕೀಯ ಪ್ರಶ್ನೆ, ಸಿನಿಮಾ ಹುಚ್ಚರ ಪ್ರಶ್ನೆ ಅಲ್ಲ.

ಗುಡಿ ಜೀರ್ಣೋದ್ಧಾರ ಮಾಡಿಸಿದವರ ಹೆಸರನ್ನ ಕಲ್ಲಲ್ಲಿ ಕೆತ್ತಿಸ್ತೀವಿ. ಬಾಗಿಲ ಬೀಗ ಅವರಿಗೆ ಬರೆದುಕೊಡಲ್ಲ. ಬಾಗಿಲು ಯಾರಿಗೆ ತೆರೆಯುತ್ತೆ, ಯಾರಿಗೆ ಮುಚ್ಚುತ್ತೆ ಅನ್ನೋದು ಎಂಥಾ ಪ್ರಶ್ನೆ ಅಂತ ಈ ನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ.

“ಹಳ್ಳಿಯವರಿಗೆ ಮೂಕಿ ಯಾಕೆ?” ಅನ್ನೋರಿಗೆ ಹೆಗ್ಗೋಡು ಉತ್ತರ. ಎಪ್ಪತ್ತರ ದಶಕದಲ್ಲೇ ಕೆ.ವಿ. ಸುಬ್ಬಣ್ಣನವರ ನೀನಾಸಂ ಜಗತ್ತಿನ ಸಿನಿಮಾಗಳನ್ನ ಮಲೆನಾಡಿನ ಹಳ್ಳಿಯಲ್ಲಿ ತೋರಿಸಿತು. ಪುಣೆಯಿಂದ ರೀಲು ಕಳಿಸಿದವರು ಇದೇ ಪಿ.ಕೆ. ನಾಯರ್. ಭಂಡಾರ ಮನಸ್ಸು ಮಾಡಿದ್ರೆ ಬಾಗಿಲು ತೆರೆಯುತ್ತೆ.

ನಾವು ಕೇಳಬೇಕಾದ್ದು

ಒಂದು, ಸಾರ್ವಜನಿಕ ಹಣದಲ್ಲಿ ರಿಸ್ಟೋರ್ ಆದ, ಹಕ್ಕು ಮುಗಿದ ಸಿನಿಮಾ ಉಚಿತವಾಗಿ ಆನ್‌ಲೈನ್‌ನಲ್ಲಿ ಸಿಗಬೇಕು. ಸಂಗೀತ ಇಲ್ಲದ ಪ್ರತಿಯೂ ಜೊತೆಗಿರಬೇಕು, ಊರೂರಿನವರು ತಮ್ಮ ವಾದ್ಯ ನುಡಿಸಿಕೊಳ್ಳಲಿ. ಎರಡು, ಪುಸ್ತಕಗಳ ಪ್ರತಿಯನ್ನ ಗ್ರಂಥಾಲಯಗಳಿಗೆ ಕೊಡಬೇಕು ಅಂತ 1954ರಿಂದಲೇ ಕಾಯ್ದೆ ಇದೆ. ಸಿನಿಮಾಕ್ಕೂ ಅಂಥದ್ದು ಬೇಕು. ಕರ್ನಾಟಕ ಸರ್ಕಾರ ತನ್ನ ಸಹಾಯಧನ ಪಡೆಯುವ ಚಿತ್ರಗಳಿಂದ ಶುರು ಮಾಡಲಿ. ಮೂರು, ಭಂಡಾರದಲ್ಲಿ ಏನಿದೆ, ಯಾವ ಸ್ಥಿತಿಯಲ್ಲಿದೆ ಅನ್ನೋ ಪೂರ್ತಿ ಪಟ್ಟಿ ಎಲ್ಲರಿಗೂ ಕಾಣಬೇಕು.

ನೀವೂ ಒಂದು ಕೆಲಸ ಮಾಡಬಹುದು. ನಿಮ್ಮೂರಲ್ಲಿ ಹಳೇ ಟೆಂಟ್ ಸಿನಿಮಾದವರು, ನಾಟಕ ಕಂಪನಿಯವರು, ಹಂಚಿಕೆದಾರರ ಮನೆ ಇದ್ರೆ ಅಟ್ಟದ ಮೇಲಿನ ಡಬ್ಬಿಗಳ ಬಗ್ಗೆ ವಿಚಾರಿಸಿ. ಫಿಲಂ ಅಂಚಿನಲ್ಲಿ ‘ಸೇಫ್ಟಿ’ ಅಂತ ಇಂಗ್ಲಿಷಿನಲ್ಲಿದ್ರೆ ಸಾಮಾನ್ಯವಾಗಿ ಬೆಂಕಿಯ ಭಯ ಕಮ್ಮಿ. ‘ನೈಟ್ರೇಟ್’ ಅಂತಿದ್ರೆ, ಅಥವಾ ಏನೂ ಇಲ್ಲದೆ ಅಂಟಂಟಾಗಿ ಕಟುವಾಸನೆ ಬರ್ತಿದ್ರೆ, ಬಿಚ್ಚಬೇಡಿ. ಬಿಸಿಲಿಗಿಡಬೇಡಿ, ಪರೀಕ್ಷೆಗೆ ಅಂತ ಕಡ್ಡಿ ಗೀರಬೇಡಿ. ತಂಪು ಜಾಗದಲ್ಲಿಟ್ಟು ಭಂಡಾರದವರಿಗೆ ತಿಳಿಸಿ. 1919ರ ಬಂಗಾಳದ ‘ಬಿಲ್ವಮಂಗಲ’ದ 594 ಮೀಟರ್ ಫಿಲಂ ಪ್ಯಾರಿಸ್‌ನಲ್ಲಿ ಸಿಕ್ಕಿ, ಅದರ ಪ್ರತಿ 2016ರಲ್ಲಿ ಪುಣೆಗೆ ಬಂತು. ‘ವಸಂತಸೇನಾ’ದ ಒಂದು ರೀಲು ಎಲ್ಲೋ ಡಬ್ಬಿಯೊಳಗೆ ಇದ್ದರೂ ಇರಬಹುದು. ಸಿಕ್ಕ ದಿನ ಅದು ಇನ್ನೊಂದು ಬೀಗದೊಳಗೆ ಹೋಗಬಾರದು ಅಂದ್ರೆ, ನಿಯಮವನ್ನ ಈಗಲೇ ಕೇಳಿ ಬರೆಸಬೇಕು.