ಹೆಂಚಿನ ಕೆಂಪು ತಪ್ಪುವುದೆಲ್ಲಿ: ಚಿತ್ರದ ಪ್ರಧಾನ ಬಣ್ಣ ಗುರುತಿಸುವ ಕ್ರಮಗಳ ಪರಿಶೀಲನೆ

ಮಳೆಗಾಲದ ಮೋಡದಡಿ ನಿಂತ, ಮಂಗಳೂರು ಹೆಂಚು ಹೊದಿಸಿದ ಮನೆಯೊಂದರ ಛಾಯಾಚಿತ್ರವನ್ನು ಪುಸ್ತಕದ ಮುಖಪುಟಕ್ಕೆ ಆರಿಸಿದ್ದೇವೆ ಎನ್ನೋಣ. ಶೀರ್ಷಿಕೆಯ ಪಟ್ಟಿಗೆ ಚಿತ್ರದೊಳಗಿನದೇ ಒಂದು ಬಣ್ಣ ಬೇಕು. ಕಣ್ಣು ಮೊದಲು ಹಿಡಿಯುವುದು ಹೆಂಚಿನ ಕೆಂಪನ್ನು. ಗಣಕಕ್ಕೆ ಅದು ಯಾಕೆ ಸುಲಭವಾಗಿ ಸಿಗುವುದಿಲ್ಲ ಎಂಬುದು ಇಲ್ಲಿನ ಪ್ರಶ್ನೆ.

ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮಟ್ಟಗಳಿದ್ದರೆ ಒಟ್ಟು 1,67,77,216 ಬಣ್ಣಗಳಾಗುತ್ತವೆ. ಹೀಗಾಗಿ ಮಟ್ಟಗಳನ್ನು 32ಕ್ಕೆ ಇಳಿಸಿ, 32,768 ಖಾನೆಗಳಲ್ಲಿ ಪಿಕ್ಸೆಲ್‌ಗಳನ್ನು ಎಣಿಸುವುದು ರೂಢಿ. ನಮ್ಮ ಚಿತ್ರದಲ್ಲಿ ಆಗ ಗೆಲ್ಲುವುದು ಆಕಾಶದ ಬೂದು. ಸರಾಸರಿಯ ದಾರಿ ಇನ್ನೂ ಕೆಟ್ಟದ್ದು. ಹೆಂಚು (178, 92, 58), ತೆಂಗಿನ ಗರಿ (62, 104, 48) ಎಂದಿಟ್ಟುಕೊಂಡು ಸಮಪಾಲಿನಲ್ಲಿ ಬೆರೆಸಿದರೆ (120, 98, 53) ಬರುತ್ತದೆ: ಚಿತ್ರದಲ್ಲಿ ಎಲ್ಲಿಯೂ ಇಲ್ಲದ ಕೆಸರುಬಣ್ಣ.

ಪಾಲ್ ಹೆಕ್‌ಬರ್ಟ್ 1982ರಲ್ಲಿ ಪ್ರಕಟಿಸಿದ ಮೀಡಿಯನ್ ಕಟ್ ಕ್ರಮ ಇಂದಿಗೂ ಹಲವು ಸಾಧನಗಳ ತಳಹದಿ. ಪಿಕ್ಸೆಲ್‌ಗಳನ್ನೆಲ್ಲ ಒಂದು ಪೆಟ್ಟಿಗೆಯೊಳಗೆ ಕಲ್ಪಿಸಿ, ಅದರ ಉದ್ದನೆಯ ಬದಿಯನ್ನು ಎರಡೂ ಕಡೆ ಸಮಾನ ಸಂಖ್ಯೆಯ ಪಿಕ್ಸೆಲ್‌ಗಳು ಉಳಿಯುವಂತೆ ಸೀಳುತ್ತ ಹೋಗುವುದು ಅದರ ಬಗೆ. ಆದರೆ ಅದು ಹುಟ್ಟಿದ್ದು 256 ಬಣ್ಣಗಳಷ್ಟೇ ಹಿಡಿಸುವ ಪರದೆಯಲ್ಲಿ ಇಡೀ ಚಿತ್ರವನ್ನು ನಂಬುವಂತೆ ತೋರಿಸಲು. ವಿನ್ಯಾಸಕಾರ ಕೇಳುವುದು ಇಡೀ ಚಿತ್ರದ ಪರವಾಗಿ ನಿಲ್ಲಬಲ್ಲ ಒಂದೇ ಬಣ್ಣವನ್ನು. ಇವೆರಡೂ ಬೇರೆ ಬೇರೆ ಪ್ರಶ್ನೆಗಳು, ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಹಚ್ಚಿದ್ದರಿಂದಲೇ ಬಹುಪಾಲು ಗೊಂದಲ ಹುಟ್ಟಿದೆ ಎಂಬುದು ನನ್ನ ವಾದ.

ಆಂಡ್ರಾಯ್ಡ್‌ಗಾಗಿ 2014ರಲ್ಲಿ ಬಂದ ಪ್ಯಾಲೆಟ್ ಲೈಬ್ರರಿ ಈ ಅಂತರವನ್ನು ಗಮನಿಸಿತು. ಚಿತ್ರವನ್ನು ಸುಮಾರು 12,544 ಪಿಕ್ಸೆಲ್‌ಗಳಿಗೆ ಕುಗ್ಗಿಸಿ, 16 ಬಣ್ಣಗಳನ್ನು ತೆಗೆದು, ಉಜ್ವಲ, ಮಂದ ಎಂದು ವಿಂಗಡಿಸುತ್ತದೆ. ಬಣ್ಣಗಳನ್ನು ಆರಿಸುವ ಮೊದಲೇ ಒಂದು ಜರಡಿಯನ್ನೂ ಹಿಡಿಯುತ್ತದೆ. ಕಪ್ಪು, ಬಿಳುಪಿಗೆ ತೀರ ಹತ್ತಿರದವು ಹೊರಗೆ. ವರ್ಣಕೋನ (ಹ್ಯೂ) 10ರಿಂದ 37 ಡಿಗ್ರಿಯೊಳಗಿದ್ದು ಸಾಂದ್ರತೆ (ಸ್ಯಾಚುರೇಶನ್) 0.82 ಮೀರದವೂ ಹೊರಗೆ. ಮನುಷ್ಯರ ಚರ್ಮದ ಬಣ್ಣಗಳು ಹೆಚ್ಚಾಗಿ ಬೀಳುವ ವಲಯವಿದು. ಮೇಲಿನ ಹೆಂಚಿನ ಲೆಕ್ಕ ಹಾಕಿ: ವರ್ಣಕೋನ 17 ಡಿಗ್ರಿ, ಸಾಂದ್ರತೆ 0.51. ಜರಡಿಯನ್ನು ಕೈಯಾರೆ ತೆಗೆಯದ ಹೊರತು ಹೆಂಚು ಸ್ಪರ್ಧೆಗೇ ಇಳಿಯುವುದಿಲ್ಲ. ಮುರಕಲ್ಲಿನ ಗೋಡೆ, ಸುಟ್ಟ ಮಣ್ಣಿನ ಮಡಕೆ, ಒಣ ಅಡಿಕೆ, ಎಷ್ಟೋ ಸಲ ಇವಕ್ಕೂ ಅದೇ ಗತಿ. ಮುಖಗಳೇ ತುಂಬಿದ ಚಿತ್ರಗಳಲ್ಲಿ ಈ ನಿಯಮಕ್ಕೆ ಅರ್ಥವಿರಬಹುದು. ಮಣ್ಣಿನ ಬಣ್ಣವೇ ಜೀವಾಳವಾದ ಕರಾವಳಿಯ ಕಟ್ಟಡಗಳ ಮಟ್ಟಿಗೆ ಇದು ಅನ್ಯಾಯ.

ಹೊರಗಿಡುವ ಬದಲು ತೂಕ ಕೊಡುವುದು ಮೇಲು. ಪಿಕ್ಸೆಲ್‌ಗಳನ್ನು 1976ರ ಸಿಐಇ ಲ್ಯಾಬ್ ಎಂಬ ಬಣ್ಣ ಅಳೆಯುವ ವ್ಯವಸ್ಥೆಗೆ ಒಯ್ದರೆ ಅಂಕಿಗಳ ನಡುವಣ ದೂರ ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ ಹತ್ತಿರವಾಗುತ್ತದೆ. ಅಲ್ಲಿ ಹತ್ತಿರದ ಬಣ್ಣಗಳನ್ನು ಕೆ-ಮೀನ್ಸ್ ಕ್ರಮದಿಂದ ಗುಂಪು ಮಾಡಿ, ಪ್ರತಿ ಗುಂಪಿನ ಸಂಖ್ಯೆಯನ್ನು ಅದರ ರಂಗಿನ ಗಾಢತೆಯಿಂದ ಗುಣಿಸಬೇಕು. ಬೂದು ಆಕಾಶ ಎಷ್ಟೇ ವಿಶಾಲವಾಗಿದ್ದರೂ ಅದರ ಗಾಢತೆ ಸೊನ್ನೆಗೆ ಹತ್ತಿರ, ಹಾಗಾಗಿ ತಾನಾಗಿಯೇ ಹಿಂದೆ ಸರಿಯುತ್ತದೆ. ಗೆದ್ದ ಗುಂಪಿನ ಸರಾಸರಿಯನ್ನಲ್ಲ, ಆ ಸರಾಸರಿಗೆ ಅತಿ ಹತ್ತಿರದ ನಿಜವಾದ ಪಿಕ್ಸೆಲ್ಲನ್ನು ಆರಿಸಬೇಕು. ಆಗ ಸಿಕ್ಕ ಬಣ್ಣ ಚಿತ್ರದ್ದೇ ಆಗಿರುತ್ತದೆ.

ಕೊನೆಯದು ಓದಿನ ಪರೀಕ್ಷೆ. ವೆಬ್ ಸುಗಮತೆಯ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ವ್ಯತ್ಯಾಸ ಕೇಳುತ್ತದೆ. ಮುಖಪುಟಕ್ಕೂ ಅದನ್ನೇ ಅನ್ವಯಿಸಿದರೆ, ನಮ್ಮ ಹೆಂಚಿನ ಮೇಲೆ ಕಪ್ಪು ಅಕ್ಷರ 4.48ಕ್ಕೆ ನಿಂತು ಕೂದಲೆಳೆಯಲ್ಲಿ ತಪ್ಪುತ್ತದೆ. ಬಿಳಿ ಅಕ್ಷರಕ್ಕೆ 4.68 ಸಿಗುತ್ತದೆ.