ಗುಂಡಿಲ್ಲದ ಬಂದೂಕುಗಳ ಯುದ್ಧ

ಅದು 1861ರ ಜುಲೈ 21ರ ಭಾನುವಾರ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಿಂದ ಹೊರಟ ಕುದುರೆಗಾಡಿಗಳು ವರ್ಜೀನಿಯಾದ ಮನಾಸಸ್ ಕಡೆಗೆ ಸಾಗುತ್ತಿದ್ದವು. ಗಾಡಿಗಳಲ್ಲಿದ್ದವರು ಸೈನಿಕರಲ್ಲ, ಸಂಸತ್ ಸದಸ್ಯರು, ಪತ್ರಕರ್ತರು, ಪಟ್ಟಣದ ಅನುಕೂಲಸ್ಥರು. ಕೈಯಲ್ಲಿ ದುರ್ಬೀನು, ಬುಟ್ಟಿಯಲ್ಲಿ ಬುತ್ತಿ. ದಕ್ಷಿಣದ ಬಂಡುಕೋರರನ್ನು ಉತ್ತರದ ಸೈನ್ಯ ಒಂದೇ ಏಟಿಗೆ ಬಗ್ಗುಬಡಿಯುವುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಅವರದು. ಆದರೆ ಸಂಜೆಯ ವೇಳೆಗೆ ಉತ್ತರದ ಸೈನ್ಯವೇ ದಿಕ್ಕೆಟ್ಟು ಓಡಿತು. ನೋಡಲು ಬಂದವರೂ ಅದರ ಜೊತೆಗೆ ಕಾಲಿಗೆ ಬುದ್ಧಿ ಹೇಳಿದರು. ಆಲ್ಫ್ರೆಡ್ ಈಲಿ ಎಂಬ ಸಂಸತ್ ಸದಸ್ಯ ಶತ್ರುಗಳ ಕೈಗೆ ಸೆರೆಸಿಕ್ಕಿದ. ಎರಡೂ ಕಡೆ ಸೇರಿ ಎಂಟುನೂರಕ್ಕೂ ಹೆಚ್ಚು ಸೈನಿಕರು ಆ ದಿನ ಸತ್ತರು.

ಸರಿಯಾಗಿ ನೂರು ವರ್ಷಗಳ ನಂತರ, 1961ರ ಜುಲೈ ತಿಂಗಳಲ್ಲಿ, ಅದೇ ಬಯಲಿನಲ್ಲಿ ಅದೇ ಯುದ್ಧ ಮತ್ತೊಮ್ಮೆ ನಡೆಯಿತು. ನೀಲಿ ಮತ್ತು ಬೂದುಬಣ್ಣದ ಸಮವಸ್ತ್ರ ತೊಟ್ಟ ಎರಡು ಸಾವಿರಕ್ಕೂ ಹೆಚ್ಚು ಮಂದಿ ಎದುರುಬದುರಾಗಿ ನಿಂತು ಗುಂಡು ಹಾರಿಸಿದರು. ಫಿರಂಗಿಗಳು ಮೊಳಗಿದವು, ಹೊಗೆ ಎದ್ದಿತು, ಆಳುಗಳು ಉರುಳಿದರು. ಈ ಸಲ ಸಾವಿರಾರು ಪ್ರೇಕ್ಷಕರು ನಿಶ್ಚಿಂತೆಯಿಂದ ಕುಳಿತು ನೋಡಿದರು. ಆಟ ಮುಗಿದ ಮೇಲೆ ಸತ್ತವರೆಲ್ಲ ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು ಮನೆಗೆ ಹೋದರು.

ಹಳೆಯ ಯುದ್ಧವೊಂದನ್ನು ಆ ಕಾಲದ ಆಯುಧ, ಉಡುಪು, ಸಲಕರಣೆಗಳೊಂದಿಗೆ ಮತ್ತೆ ಆಡಿ ತೋರಿಸುವ ಈ ಹವ್ಯಾಸ ಇಂದು ಹಲವು ದೇಶಗಳಲ್ಲಿದೆ. ಇಂಗ್ಲೆಂಡಿನಲ್ಲಿ ರೋಮನ್ ಸೈನಿಕರ ಕವಚ ತೊಡುವವರಿದ್ದಾರೆ; ಬೆಲ್ಜಿಯಂನ ವಾಟರ್‌ಲೂದಲ್ಲಿ ನೆಪೋಲಿಯನ್ನನ ಸೋಲನ್ನು ಮತ್ತೆ ಮತ್ತೆ ಆಡುತ್ತಾರೆ. ಆದರೆ ಈ ಹವ್ಯಾಸ ಒಂದು ರಾಷ್ಟ್ರದ ನೆನಪನ್ನೇ ರೂಪಿಸುವಷ್ಟು ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿಯ 1861–65ರ ಅಂತರ್ಯುದ್ಧವೇ ಅದರ ವಸ್ತು.

ಗೆದ್ದವರ ಮನರಂಜನೆ

ಯುದ್ಧವನ್ನು ಆಟವಾಗಿ ತೋರಿಸುವುದು ಹೊಸದೇನಲ್ಲ. ಕ್ರಿಸ್ತಪೂರ್ವ 2ರಲ್ಲಿ ರೋಮ್ ಚಕ್ರವರ್ತಿ ಆಗಸ್ಟಸ್ ಟೈಬರ್ ನದಿಯ ಆಚೆ ದಂಡೆಯಲ್ಲಿ ಭಾರಿ ಕೊಳವೊಂದನ್ನು ತೋಡಿಸಿ, ಅಥೆನ್ಸಿನವರಿಗೂ ಪರ್ಷಿಯನ್ನರಿಗೂ ನಡೆದ ಹಳೆಯ ನೌಕಾಯುದ್ಧವನ್ನು ಆಡಿಸಿದ. ಹುಟ್ಟು ಹಾಕುವವರನ್ನು ಬಿಟ್ಟು ಸುಮಾರು 3,000 ಜನ ಅದರಲ್ಲಿ ಕಾದಾಡಿದರೆಂದು ಅವನೇ ಬರೆಸಿದ ದಾಖಲೆ ಹೇಳುತ್ತದೆ.

ಕನ್ನಡನಾಡಿನ ಯುದ್ಧವೂ ಹೀಗೆ ಪರದೇಶದಲ್ಲಿ ಆಟವಾಗಿದೆ. ಟಿಪ್ಪು ಸುಲ್ತಾನನೊಡನೆ ಈಸ್ಟ್ ಇಂಡಿಯಾ ಕಂಪನಿಯ ಯುದ್ಧಗಳು ನಡೆಯುತ್ತಿದ್ದ 1790ರ ದಶಕದಲ್ಲಿ, ಕುದುರೆ ಸರ್ಕಸ್ಸಿಗೆ ಹೆಸರಾಗಿದ್ದ ಲಂಡನ್ನಿನ ಆಸ್ಟ್ಲಿ ರಂಗಮಂದಿರ ಆ ಕದನಗಳನ್ನು ಕುದುರೆ, ಮದ್ದು, ಬೆಂಕಿಯೊಡನೆ ಆಡಿ ತೋರಿಸುತ್ತಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಚಿತ್ರಕಾರ ಕೋಟೆಗೆ ಲಗ್ಗೆಯಿಟ್ಟ ದೃಶ್ಯವನ್ನು ಮಹಾಚಿತ್ರವಾಗಿ ಬರೆದು ಪ್ರದರ್ಶಿಸಿದಾಗ ಜನ ಹಣ ಕೊಟ್ಟು ನೋಡಿದರು. ಕೋಟೆಯನ್ನು ಕಾಯುತ್ತ ಸತ್ತವರ ಪಾಲಿಗೆ ಆ ಆಟಗಳಲ್ಲಿ ಇದ್ದದ್ದು ಶತ್ರುವಿನ ಪಾತ್ರ ಮಾತ್ರ. ಯುದ್ಧವನ್ನು ಮತ್ತೆ ಆಡುವವರು ಯಾರು, ಅದರಲ್ಲಿ ಯಾರಿಗೆ ಯಾವ ಪಾತ್ರ ಎಂಬ ಪ್ರಶ್ನೆ ಹೀಗೆ ಮೊದಲಿನಿಂದಲೂ ಈ ಕಲೆಯ ಜೊತೆಗೇ ಬಂದಿದೆ. ಅಮೆರಿಕದಲ್ಲಿ ಅದು ಇನ್ನಷ್ಟು ತೊಡಕಾಯಿತು.

ಗೋಡೆಯ ಮೇಲಿನ ಕೈಕುಲುಕು

ಅಂತರ್ಯುದ್ಧಕ್ಕೆ ಮೂಲವಾದದ್ದು ಗುಲಾಮಗಿರಿ. 1860ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ದಕ್ಷಿಣದ 11 ರಾಜ್ಯಗಳು ಒಕ್ಕೂಟದಿಂದ ಸಿಡಿದು ಹೊಸ ದೇಶ ಕಟ್ಟಲು ಹೊರಟಾಗ, ಅದರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ತಮ್ಮ ಸರ್ಕಾರದ ಮೂಲೆಗಲ್ಲೇ ಗುಲಾಮಗಿರಿ ಎಂದು 1861ರ ಮಾರ್ಚ್‌ನಲ್ಲಿ ಬಹಿರಂಗವಾಗಿ ಸಾರಿದ. ನಾಲ್ಕು ವರ್ಷಗಳ ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಪಡೆಯಲ್ಲಿ ಹೋರಾಡಿದರು. 1865ರ ಕೊನೆಗೆ ಗುಲಾಮಗಿರಿ ಸಂವಿಧಾನದಿಂದಲೇ ರದ್ದಾಯಿತು.

ಯುದ್ಧ ಮುಗಿದ ಮೇಲೆ ಉತ್ತರ ಮತ್ತು ದಕ್ಷಿಣದ ಬಿಳಿಯರು ರಾಜಿಯಾಗಬೇಕಿತ್ತು. ಅದಕ್ಕೆ ಹಿಡಿದ ಸುಲಭದ ದಾರಿ ಎಂದರೆ, ಯುದ್ಧ ಏಕೆ ನಡೆಯಿತು ಎಂಬುದನ್ನು ಬದಿಗಿಟ್ಟು ಹೇಗೆ ನಡೆಯಿತು ಎಂಬುದನ್ನಷ್ಟೇ ನೆನೆಯುವುದು. 1863ರ ಗೆಟಿಸ್‌ಬರ್ಗ್ ಕದನದ ಐವತ್ತನೆಯ ವರ್ಷ, 1913ರ ಜುಲೈನಲ್ಲಿ, ಐವತ್ತು ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರು ಅಲ್ಲಿ ಸೇರಿದರು. ಅಂದು ಪಿಕೆಟ್ ಎಂಬ ಸೇನಾನಿಯ ಪಡೆಯೊಂದಿಗೆ ಬಯಲು ದಾಟಿ ನುಗ್ಗಿದವರು, ಅವರನ್ನು ಎದುರಿಸಿ ನಿಂತವರು, ಎಲ್ಲರೂ ಈಗ ಹಣ್ಣು ಹಣ್ಣು ಮುದುಕರು. ಅದೇ ಕಲ್ಲುಗೋಡೆಯ ಆಚೀಚೆ ನಿಂತು ಪರಸ್ಪರ ಕೈಕುಲುಕಿದರು. ನೋಡಿದವರ ಮನ ಕರಗಿತು. ಮಾರನೆಯ ದಿನ ಅಲ್ಲಿ ಭಾಷಣ ಮಾಡಿದ ಅಧ್ಯಕ್ಷ ವುಡ್ರೋ ವಿಲ್ಸನ್ನರ ಸರ್ಕಾರವೇ ಆ ವರ್ಷ ಕೇಂದ್ರದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸಲು ಮೊದಲುಮಾಡಿತ್ತು.

ಒಂಬತ್ತು ವರ್ಷಗಳ ನಂತರ, 1922ರಲ್ಲಿ, ಅದೇ ಬಯಲಿನಲ್ಲಿ ಅಮೆರಿಕದ ಮರೀನ್ ಪಡೆಯ ಸಾವಿರಾರು ಯೋಧರು ಪಿಕೆಟ್‌ನ ದಾಳಿಯನ್ನು ಎರಡು ರೀತಿ ಆಡಿ ತೋರಿಸಿದರು. ಒಮ್ಮೆ 1863ರ ಕ್ರಮದಲ್ಲಿ, ಇನ್ನೊಮ್ಮೆ ಅಂದಿನ ವಿಮಾನ, ಟ್ಯಾಂಕುಗಳೊಂದಿಗೆ. ಅಲ್ಲಿಂದ 1961ರ ಶತಮಾನೋತ್ಸವಕ್ಕೆ ಬಂದಾಗ ಇದು ಸಾಮಾನ್ಯ ನಾಗರಿಕರ ಹವ್ಯಾಸವೂ ಆಗಿತ್ತು.

ಆ ಶತಮಾನೋತ್ಸವದ ಆರಂಭವೇ ಕಹಿ. ಚಾರ್ಲ್ಸ್‌ಟನ್ ನಗರದಲ್ಲಿ ಸಮಿತಿಯ ಸಭೆ ಏರ್ಪಾಡಾಗಿದ್ದಾಗ, ನ್ಯೂಜೆರ್ಸಿಯ ಪ್ರತಿನಿಧಿ ಮ್ಯಾಡಲಿನ್ ವಿಲಿಯಮ್ಸ್ ಕಪ್ಪು ಮಹಿಳೆ ಎಂಬ ಕಾರಣಕ್ಕೆ ಹೋಟೆಲ್ ಆಕೆಗೆ ಕೋಣೆ ಕೊಡಲಿಲ್ಲ. ಅಧ್ಯಕ್ಷ ಕೆನಡಿ ಮಧ್ಯೆ ಪ್ರವೇಶಿಸಿ, ಸಭೆಯನ್ನು ನೌಕಾನೆಲೆಗೆ ಬದಲಾಯಿಸಬೇಕಾಯಿತು. ಮನಾಸಸ್‌ನ ಆಟ ನಡೆದದ್ದು ಇದಾದ ಕೆಲವೇ ತಿಂಗಳಿಗೆ. ಸತ್ತವರ ನೆಲದಲ್ಲಿ ಜಾತ್ರೆ ಮಾಡಿದರು ಎಂಬ ಟೀಕೆ ಬಂತು. ಮುಂದೆ ರಾಷ್ಟ್ರೀಯ ಉದ್ಯಾನ ಇಲಾಖೆ ತನ್ನ ವಶದಲ್ಲಿರುವ ರಣಭೂಮಿಗಳಲ್ಲಿ ಎರಡು ಪಡೆಗಳು ಎದುರುಬದುರಾಗಿ ಕಾದುವ ಆಟವನ್ನು ನಿಷೇಧಿಸಿತು. ಆದ್ದರಿಂದ ಅಂಥ ಆಟಗಳು ಸಾಮಾನ್ಯವಾಗಿ ಹತ್ತಿರದ ಖಾಸಗಿ ಹೊಲಗಳಲ್ಲಿ ನಡೆಯುತ್ತವೆ.

ಮೈಗೆ ತಿಳಿಯುವ ಇತಿಹಾಸ

ಈ ಹವ್ಯಾಸಿಗಳನ್ನು ವೇಷಗಾರರೆಂದು ತಳ್ಳಿಹಾಕುವುದು ಸರಿಯಲ್ಲ. ಅವರ ಶ್ರದ್ಧೆ ದೊಡ್ಡದು. ಅಂತರ್ಯುದ್ಧದ ಪದಾತಿಯ ಮುಖ್ಯ ಆಯುಧ 1861ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಬಂದೂಕು. ಸುಮಾರು ನಾಲ್ಕು ಕಿಲೋ ತೂಕ. ನಮ್ಮ ಮಲೆನಾಡಿನವರು ಕೇಪಿನ ಕೋವಿ ಎನ್ನುವ ಜಾತಿಯದೇ. ಕಾಗದದ ತೋಟೆಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನು ಸರಳಿನಿಂದ ಜಡಿದು, ಕೇಪು ಇಟ್ಟು ಹೊಡೆಯಬೇಕು. ಪಳಗಿದ ಸೈನಿಕ ನಿಮಿಷಕ್ಕೆ ಮೂರು ಸಲ ಹೊಡೆಯಬಲ್ಲವನಾಗಿದ್ದ. ಇಂದು ಇಟಲಿಯ ಕಾರ್ಖಾನೆಗಳು ಇದರ ಪ್ರತಿರೂಪಗಳನ್ನು ತಯಾರಿಸುತ್ತವೆ. ಆಟದಲ್ಲಿ ಮದ್ದು ಮಾತ್ರ, ಗುಂಡಿಲ್ಲ. ಅಪಾಯವಾಗದಿರಲೆಂದು ಸರಳನ್ನೂ ನಳಿಗೆಗೆ ಇಳಿಸುವುದಿಲ್ಲ. ಆದರೂ 1998ರಲ್ಲಿ, ಹದಿನೈದು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡ ಗೆಟಿಸ್‌ಬರ್ಗ್ ಆಟದಲ್ಲಿ ಒಬ್ಬನ ಕುತ್ತಿಗೆಗೆ ನಿಜವಾದ ಗುಂಡೇ ತಗುಲಿತ್ತು.

ಉಡುಪಿನ ವಿಷಯದಲ್ಲಂತೂ ಇವರ ಮಡಿವಂತಿಕೆ ಹೇಳತೀರದು. ಕೈಗಡಿಯಾರ ಕಟ್ಟಿದವನನ್ನು, ಪಾಲಿಯೆಸ್ಟರ್ ಬಟ್ಟೆ ತೊಟ್ಟವನನ್ನು ‘ಫಾರ್ಬ್’ ಎಂದು ಹೀಯಾಳಿಸುತ್ತಾರೆ. ಹೊಲಿಗೆಯ ಎಳೆ, ಗುಂಡಿಯ ಲೋಹ, ಕನ್ನಡಕದ ಚೌಕಟ್ಟು ಎಲ್ಲವೂ ಆ ಕಾಲದ್ದೇ ಆಗಬೇಕು. ಜುಲೈ ತಿಂಗಳ ಬಿಸಿಲಿನಲ್ಲಿ ದಪ್ಪ ಉಣ್ಣೆಯ ಕೋಟು ತೊಟ್ಟು, ಕಲ್ಲಿನಂಥ ಒಣ ಬಿಸ್ಕತ್ತು ಕಡಿದು, ಮೈಲಿಗಟ್ಟಲೆ ನಡೆಯುತ್ತಾರೆ. ಇದರಿಂದ ತಿಳಿಯುವ ಸಂಗತಿಗಳು ಹಲವು. ಎರಡು ಸುತ್ತು ಗುಂಡು ಹಾರಿದ ಮೇಲೆ ಹೊಗೆಯಲ್ಲಿ ಎದುರಿನವನು ಕಾಣುವುದೇ ಇಲ್ಲ. ಸೈನಿಕರು ಬಾವುಟವನ್ನೂ ತಮಟೆಯ ಸದ್ದನ್ನೂ ಏಕೆ ನೆಚ್ಚಿಕೊಂಡಿದ್ದರು ಎಂಬುದು ಆಗ ಅರ್ಥವಾಗುತ್ತದೆ. ಭುಜ ತಾಗುವಂತೆ ಒತ್ತಾಗಿ ನಿಲ್ಲುತ್ತಿದ್ದುದು ಮೂರ್ಖತನವಲ್ಲ, ಅಪ್ಪಣೆ ಕೇಳಿಸುವಷ್ಟು ಹತ್ತಿರವಿರಬೇಕಾದ ಅಗತ್ಯ ಎಂಬುದೂ ತಿಳಿಯುತ್ತದೆ.

ಆದರೆ ಮೈಗೆ ತಿಳಿಯುವುದಕ್ಕೆ ಒಂದು ಮಿತಿಯಿದೆ. ಅಂದಿನ ಉತ್ತರದ ಸೈನಿಕನ ಸರಾಸರಿ ವಯಸ್ಸು ಸುಮಾರು 26, ತೂಕ ಸುಮಾರು 65 ಕಿಲೋ. ಇಂದಿನ ಆಟಗಾರರಲ್ಲಿ ಹೊಟ್ಟೆ ಬಂದ ನಡುವಯಸ್ಕರೇ ಹೆಚ್ಚು. ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದವನಿಗೆ ಮೊದಲ ಸುತ್ತಿನಲ್ಲೇ ಸಾಯಲು ಇಷ್ಟವಿರುವುದಿಲ್ಲ. ಹಾಗಾಗಿ ಸಾವುಗಳೂ ಕೊನೆಯ ಗಳಿಗೆಗೆ ಕಾದಿರುತ್ತವೆ. ನಿಜವಾದ ಯುದ್ಧದಲ್ಲಿ ಗುಂಡಿಗೆ ಸತ್ತ ಒಬ್ಬನಿಗೆ ಭೇದಿ, ಜ್ವರಗಳಿಂದ ಸತ್ತವರು ಇಬ್ಬರು. ಆ ಸಾವನ್ನು ಆಡಿ ತೋರಿಸುವುದು ಹೇಗೆ?

ಯಾರಿಗೆ ಯಾವ ಪಾತ್ರ

ಗುಂಡಿಯ ಲೋಹದ ಬಗ್ಗೆ ಇಷ್ಟು ನಿಷ್ಠುರವಾದ ಹವ್ಯಾಸ ಬಹುಕಾಲ ಮನುಷ್ಯರ ಬಗ್ಗೆ ಅಷ್ಟೇ ನಿಷ್ಠುರವಾಗಿರಲಿಲ್ಲ. 1989ರಲ್ಲಿ ಆಂಟೀಟಮ್ ರಣಭೂಮಿಯಲ್ಲಿ ಸೈನಿಕನ ವೇಷ ತೊಟ್ಟಿದ್ದ ಲಾರೆನ್ ಕುಕ್ ಬರ್ಜೆಸ್ ಹೆಣ್ಣೆಂದು ಗೊತ್ತಾದಾಗ ಅಧಿಕಾರಿಗಳು ಆಕೆಯನ್ನು ಹೊರಕಳಿಸಿದರು. ಹೆಂಗಸು ಸೈನಿಕಳಾಗುವುದು ಇತಿಹಾಸಕ್ಕೆ ವಿರುದ್ಧ ಎಂಬುದು ಅವರ ವಾದ. ಆಕೆ ನ್ಯಾಯಾಲಯಕ್ಕೆ ಹೋಗಿ 1993ರಲ್ಲಿ ಗೆದ್ದಳು. ಇತಿಹಾಸವೂ ಆಕೆಯ ಕಡೆಗೇ ಇತ್ತು. ಗಂಡುವೇಷದಲ್ಲಿ ನೂರಾರು ಹೆಂಗಸರು ಆ ಯುದ್ಧದಲ್ಲಿ ಹೋರಾಡಿದ್ದರು. ಸಾರಾ ರೊಸೆಟ್ಟಾ ವೇಕ್‌ಮನ್ ಎಂಬ ನ್ಯೂಯಾರ್ಕಿನ ರೈತನ ಮಗಳು ಲಯನ್ಸ್ ವೇಕ್‌ಮನ್ ಎಂಬ ಹೆಸರಿನಲ್ಲಿ ಸೇನೆ ಸೇರಿ, 1864ರಲ್ಲಿ ಕಾಯಿಲೆಯಿಂದ ಸತ್ತು, ಅದೇ ಗಂಡು ಹೆಸರಿನಲ್ಲೇ ಮಣ್ಣಾದಳು. ಆಕೆ ಮನೆಗೆ ಬರೆದ ಕಾಗದಗಳನ್ನು ಬರ್ಜೆಸ್ 1994ರಲ್ಲಿ ಪುಸ್ತಕವಾಗಿ ತಂದಳು.

ಕಪ್ಪು ಸೈನಿಕರ ಸ್ಥಾನವೂ ಹೀಗೇ ತಡವಾಗಿ ಬಂತು. 1863ರ ಜುಲೈ 18ರಂದು ವ್ಯಾಗ್ನರ್ ಕೋಟೆಯ ಮೇಲೆ ನುಗ್ಗಿದ ಮ್ಯಾಸಚೂಸೆಟ್ಸ್‌ನ 54ನೆಯ ದಳದ ಸುಮಾರು 600 ಮಂದಿಯಲ್ಲಿ 270ರಷ್ಟು ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. 1989ರ ‘ಗ್ಲೋರಿ’ ಚಲನಚಿತ್ರ ಈ ಕಥೆಯನ್ನು ಹೇಳಿದ ಮೇಲೆಯೇ ಕಪ್ಪು ಹವ್ಯಾಸಿಗಳ ದಳಗಳು ಹೆಚ್ಚಾಗಿ ಕಾಣತೊಡಗಿದವು.

ಗುಲಾಮಗಿರಿಯನ್ನೇ ಆಡಿ ತೋರಿಸಬಹುದೇ ಎಂಬುದು ಇನ್ನೂ ಕಠಿಣ ಪ್ರಶ್ನೆ. ಹದಿನೆಂಟನೆಯ ಶತಮಾನದ ಬದುಕನ್ನು ತೋರಿಸುವ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಪಟ್ಟಣದಲ್ಲಿ 1994ರ ಅಕ್ಟೋಬರ್‌ನಲ್ಲಿ ಗುಲಾಮರ ಹರಾಜಿನ ದೃಶ್ಯವನ್ನು ಆಡಿದರು. ಅದನ್ನು ಏರ್ಪಡಿಸಿದ್ದು ಅಲ್ಲಿಯ ಕಪ್ಪು ಸಿಬ್ಬಂದಿಯೇ. ಮುಂದಾಳು ಕ್ರಿಸ್ಟಿ ಕೋಲ್‌ಮನ್ ತಾನೇ ಹರಾಜಾಗುವ ಹೆಣ್ಣಿನ ಪಾತ್ರ ವಹಿಸಿದಳು. ನೋವನ್ನು ತಮಾಷೆ ಮಾಡುತ್ತಾರೆಂದು ಪ್ರತಿಭಟಿಸಲು ಬಂದ ಮುಖಂಡರೊಬ್ಬರು ದೃಶ್ಯವನ್ನು ಕಂಡ ಮೇಲೆ ತಮ್ಮ ಅಭಿಪ್ರಾಯ ಬದಲಿಸಿಕೊಂಡರು.

ಈಚಿನ ವರ್ಷಗಳಲ್ಲಿ ಹಳೆಯ ಮಾದರಿಯ ಆಟಗಳ ಮೇಲೆ ನೆರಳು ಬಿದ್ದಿದೆ. 2017ರಲ್ಲಿ ದಕ್ಷಿಣದ ಸೇನಾನಿಗಳ ಪ್ರತಿಮೆಗಳ ವಿವಾದ ಶಾರ್ಲಟ್ಸ್‌ವಿಲ್‌ನಲ್ಲಿ ಹಿಂಸೆಗೆ ತಿರುಗಿದಾಗ, ಮನಾಸಸ್ ನಗರ ತನ್ನ ಅಂತರ್ಯುದ್ಧ ಉತ್ಸವವನ್ನೇ ಆ ವರ್ಷ ರದ್ದುಮಾಡಿತು. ಅದೇ ಅಕ್ಟೋಬರ್‌ನಲ್ಲಿ ಸೀಡರ್ ಕ್ರೀಕ್‌ನ ಆಟದ ಬಯಲಿನಲ್ಲಿ ನಿಜವಾದ ಬಾಂಬು ಸಿಕ್ಕಿತು.

ಎರಡು ವರ್ಷಗಳ ನಂತರ, 2019ರ ನವೆಂಬರ್‌ನಲ್ಲಿ, ಲೂಯಿಸಿಯಾನಾದಲ್ಲಿ ಬೇರೊಂದು ಬಗೆಯ ಆಟ ನಡೆಯಿತು. ಅಂತರ್ಯುದ್ಧಕ್ಕೂ ಐವತ್ತು ವರ್ಷ ಮೊದಲು, 1811ರ ಜನವರಿಯಲ್ಲಿ, ಅಲ್ಲಿಯ ಕಬ್ಬಿನ ತೋಟಗಳ ಗುಲಾಮರು ಚಾರ್ಲ್ಸ್ ಡೆಲೊಂಡ್ ಎಂಬಾತನ ನಾಯಕತ್ವದಲ್ಲಿ ದಂಗೆಯೆದ್ದು ನ್ಯೂ ಆರ್ಲಿಯನ್ಸ್ ಕಡೆಗೆ ನಡೆದಿದ್ದರು. ದಂಗೆಯನ್ನು ಹತ್ತಿಕ್ಕಿದ ತೋಟದ ಒಡೆಯರು ಸತ್ತವರ ತಲೆಗಳನ್ನು ಕಡಿದು ಮಿಸಿಸಿಪಿ ನದಿಯ ದಂಡೆಯುದ್ದಕ್ಕೂ ಕಂಬಗಳಿಗೆ ಚುಚ್ಚಿ ನಿಲ್ಲಿಸಿದರು. ಕಲಾವಿದ ಡ್ರೆಡ್ ಸ್ಕಾಟ್ ಏರ್ಪಡಿಸಿದ ಪುನರಭಿನಯದಲ್ಲಿ ನೂರಾರು ಜನ ಆ ಕಾಲದ ಉಡುಪು ತೊಟ್ಟು, ಕತ್ತಿ, ಕೋವಿ ಹಿಡಿದು ಎರಡು ದಿನ ಸುಮಾರು 26 ಮೈಲಿ ನಡೆದರು. ಹಳೆಯ ಕಬ್ಬಿನ ತೋಟಗಳಿದ್ದ ಜಾಗದಲ್ಲಿ ಈಗ ತೈಲ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ. ಮೆರವಣಿಗೆ ಅವುಗಳ ಪಕ್ಕದಲ್ಲೇ ಸಾಗಿತು.

ಈ ಆಟದಲ್ಲಿ ಒಂದು ಸಂಗತಿಯನ್ನು ಬೇಕೆಂದೇ ಬದಲಿಸಲಾಗಿತ್ತು. 1811ರ ದಂಗೆಕೋರರು ನ್ಯೂ ಆರ್ಲಿಯನ್ಸ್ ತಲುಪಲೇ ಇಲ್ಲ. 2019ರಲ್ಲಿ ನಡೆದವರು ತಲುಪಿದರು. ಹಿಂದೆ ಗುಲಾಮರು ಭಾನುವಾರಗಳಂದು ಸೇರಿ ಹಾಡಿ ಕುಣಿಯುತ್ತಿದ್ದ ಕಾಂಗೋ ಚೌಕದಲ್ಲಿ ಅವರ ನಡಿಗೆ ಮುಗಿಯಿತು. ಗುಂಡಿಯ ಲೋಹವನ್ನು ಪರೀಕ್ಷಿಸುವ ಹಳೆಯ ಹವ್ಯಾಸಿಗಳು ಇದನ್ನು ತಪ್ಪೆಂದು ಎಣಿಸಬಹುದು. ಆದರೆ ಎಳೆ ಎಳೆಯೂ ಸರಿಯಾಗಿದ್ದ ಎಷ್ಟೋ ಆಟಗಳಲ್ಲಿ, ಯಾರ ಬಿಡುಗಡೆಯ ಪ್ರಶ್ನೆಯಿಂದ ಯುದ್ಧ ಹುಟ್ಟಿತೋ ಅವರೇ ಬಹುಕಾಲ ಇರಲಿಲ್ಲ. ಇಲ್ಲಿ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಕೋವಿ ಹಿಡಿದು ಮುಂದೆ ನಡೆದರು.